ಯಾವ ಕಡೆಯದು

ನೂರ ಹದಿನೆಂಟು ಫಾರಂಗಳಲ್ಲಿ ನಲವತ್ತನ್ನು ಮುಗಿಸುವ ಹೊತ್ತಿಗೆ ಅವನಿಗೆ ಭೂಮಿಯ ಮೇಲಿನ ಸಮಸ್ತ ವೈದ್ಯಕೀಯ ವಿದ್ಯಾರ್ಥಿಗಳ ಮೇಲೂ ಸಿಟ್ಟು ಬಂದಿತ್ತು. ಅಂಗರಚನಾ ವಿಭಾಗದ ಟ್ಯೂಟರನ ಕೋಣೆ ಎಂದರೆ ಕೋಣೆಯೇನಲ್ಲ, ಶವಚ್ಛೇದನದ ಹಾಲಿಗೂ ಮೂಳೆಗಳ ಕಪಾಟಿಗೂ ನಡುವೆ ಪ್ಲೈವುಡ್ ನಿಲ್ಲಿಸಿ ಮಾಡಿದ ಒಂದು ಸಂದು. ಅದರಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಕಣ್ಣು ಚುರುಗುಟ್ಟಿಸುವ ಫಾರ್ಮಾಲಿನ್ ವಾಸನೆ, ಮತ್ತು ಹತ್ತೊಂಬತ್ತು ವರ್ಷದಿಂದ ಅವನು. ಪ್ರತಿ ಫಾರಮ್ಮಿನ ನೆತ್ತಿಯ ಮೇಲೂ 'ಅಂಗರಚನಾಶಾಸ್ತ್ರದ ಬೋಧನೆ: ಆನ್‌ಲೈನೋ, ಮುಖಾಮುಖಿಯೋ? ವಿದ್ಯಾರ್ಥಿಗಳ ಅಭಿಪ್ರಾಯ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಪೂರ್ತಿ ಒಪ್ಪುತ್ತೇನೆ ಅಂದರೆ ಐದು, ಸುತರಾಂ ಒಪ್ಪುವುದಿಲ್ಲ ಅಂದರೆ ಒಂದು. ಅವನು ನೋಡಬೇಕು, ಅಂಕಿ ಒತ್ತಬೇಕು, ಮುಂದಿನದಕ್ಕೆ ಹೋಗಬೇಕು. ಸಂಜೆಯೊಳಗೆ ವಿಭಾಗದ ಮುಖ್ಯಸ್ಥೆಯ ಕೈಗೆ ಕೊಡಬೇಕು. ಮುಂದಿನ ವಾರ ಅವರು ಯಾವುದೋ ಸಮ್ಮೇಳನದಲ್ಲಿ ಇದನ್ನು ಪ್ರಬಂಧ ಮಾಡಿ ಓದುತ್ತಾರೆ, ಎರಡನೆಯ ಹೆಸರು ಅವನದು. ಅದರ ಮೇಲೆ ಇವತ್ತೇ ಮಧ್ಯಾಹ್ನ ಎರಡಕ್ಕೆ ಫೇಲಾದವರ ಮರುಪರೀಕ್ಷೆ ಬೇರೆ. ಒಂದೇ ದಿನ ಎರಡೂ ತಗಲಿಕೊಳ್ಳಬೇಕೇ, ಕರ್ಮ, ಎಂದು ಅವನು ಗೊಣಗಿಕೊಂಡ.

ಹುಡುಗರು ಬರೆದಿರೋದನ್ನೆಲ್ಲ ಓದ್ತಾ ಕೂರಬೇಡಿ, ಅಂಕಿ ಸಾಕು, ಹದಿನಾಲ್ಕನೇ ಪ್ರಶ್ನೆಯನ್ನಂತೂ ಬಿಟ್ಟೇಬಿಡಿ ಎಂದು ಮುಖ್ಯಸ್ಥೆ ಹೇಳಿದ್ದರು. ಹದಿನಾಲ್ಕನೆಯದು 'ಬೇರೇನಾದರೂ ಹೇಳುವುದಿದೆಯೇ?' ಎಂಬುದು. ಬಿಡಿ ಎಂದದ್ದನ್ನೇ ಹಿಡಿದುಕೊಳ್ಳುವುದು ಅವನ ಜಾಯಮಾನ. ಅಂಕಿಗಳನ್ನು ಬೇಗಬೇಗ ಒತ್ತಿ ಹದಿನಾಲ್ಕಕ್ಕೆ ಬಂದು ನಿಲ್ಲುತ್ತಿದ್ದ. 'ವಿಡಿಯೋವನ್ನು ನಿಲ್ಲಿಸಿ ಮತ್ತೆ ನೋಡಬಹುದು, ಸರ್ ಅವರನ್ನು ನಿಲ್ಲಿಸಲಾಗುವುದಿಲ್ಲ.' 'ಒಂದೂವರೆ ಪಟ್ಟು ವೇಗದಲ್ಲಿ ಸರ್ ದನಿ ಚೆನ್ನಾಗಿರುತ್ತದೆ.' ಆಹಾ, ಎಂಥ ಉಪಕಾರ! 'ಹಾಲಿನಲ್ಲಿ ಒಂದು ದೇಹದ ಸುತ್ತ ಹದಿನೈದು ಜನ. ಇಡೀ ವರ್ಷ ನಾನು ಅಭ್ಯಾಸ ಮಾಡಿದ್ದು ನನ್ನ ಮುಂದೆ ನಿಂತವನ ಕತ್ತಿನ ಹಿಂಭಾಗವನ್ನು.' 'ವಿಡಿಯೋದಲ್ಲಿ ನರ ಹಳದಿ, ರಕ್ತನಾಳ ಕೆಂಪು. ನಿಜವಾದದ್ದರಲ್ಲಿ ಎಲ್ಲವೂ ಕಂದು. ನಿಜವಾದದ್ದು ಗೊಂದಲಕಾರಿ.' ಒಬ್ಬ ಮಾತ್ರ ಪೆನ್ಸಿಲ್ಲಿನಲ್ಲಿ, ಹೇಳಲೋ ಬೇಡವೋ ಎಂಬಂತೆ ಬರೆದಿದ್ದ: 'ಹೃದಯವನ್ನು ಕೈಯಲ್ಲಿ ಹಿಡಿದಾಗ ಅದಕ್ಕೆ ಭಾರವಿದೆ ಎಂದು ಗೊತ್ತಾಯಿತು. ಅದು ವಿಡಿಯೋದಲ್ಲಿ ಬಂದಿರಲಿಲ್ಲ.' ಇವನಿಗೆ ಮನಸ್ಸಿನಲ್ಲೇ ನೂರಕ್ಕೆ ನೂರು ಕೊಟ್ಟ. ಆದರೆ ನೂರು ಕೊಡುವ ಕಾಲಂ ಇರಲಿಲ್ಲ. ಒಟ್ಟಿನ ಮೇಲೆ ವಿಡಿಯೋ ಗೆಲ್ಲುತ್ತಿತ್ತು, ಮುಖ್ಯಸ್ಥೆಗೆ ಬೇಕಾದದ್ದೂ ಅದೇ, ಮತ್ತು ಗೆಲ್ಲುತ್ತಿದ್ದ ವಿಡಿಯೋ ಅವನದೇ ಆಗಿತ್ತು. ಸಿಟ್ಟಿನ ಅಡಿಯಲ್ಲಿ ಎಲ್ಲೋ ಅವನಿಗೆ ಖುಷಿಯೂ ಆಗುತ್ತಿತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಐವತ್ತೊಂದನೇ ಫಾರಂ. ಅಕ್ಷರಗಳು ಹಿಂದಕ್ಕೆ ವಾಲಿದ್ದವು, ಬರೆಯುತ್ತ ಹೋದ ಕೈ ಶಾಯಿಯ ಮೇಲೆಯೇ ಹಾದು ಸಾಲುಗಳು ಮಸುಕಾಗಿದ್ದವು. ಹೆಸರು ಬರೆಯಬಾರದೆಂದು ನಿಯಮ. ಆದರೆ ಆ ತರಗತಿಯಲ್ಲಿ ಎಡಗೈಯಲ್ಲಿ ಬರೆಯುವವಳು ಒಬ್ಬಳೇ. ಹದಿನಾಲ್ಕನೇ ಪ್ರಶ್ನೆಯ ಕೆಳಗೆ ಅವಳು ಬರೆದಿದ್ದಳು: 'ವಿಡಿಯೋದಲ್ಲಿ ಸರ್ ಅವರ ವಾಚು ಬಲಗೈಯಲ್ಲಿದೆ. ಹಾಲಿನಲ್ಲಿ ಎಡಗೈಯಲ್ಲಿದೆ. ಯಾವುದು ಸರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.'

ಅವನು ತನ್ನ ಕೈ ನೋಡಿಕೊಂಡ. ವಾಚು ಎಡಗೈಯಲ್ಲಿತ್ತು. ಹೆಂಡತಿ ಕೊಡಿಸಿದ ದಿನದಿಂದ ಅದು ಅಲ್ಲೇ ಇದೆ. ಏನು ಹುಚ್ಚೋ, ಮೂಳೆ ನೋಡು ಎಂದರೆ ವಾಚು ನೋಡುತ್ತಾರೆ ಎಂದು ಫಾರಂ ಮಗುಚಿ ಹಾಕಿದ. ಐವತ್ತೆರಡನ್ನು ಎತ್ತಿಕೊಂಡ. ಮೂರನೇ ಅಂಕಿ ಒತ್ತಿದವನು ಅಲ್ಲಿಗೇ ನಿಲ್ಲಿಸಿದ. ಕಂಪ್ಯೂಟರಿನಲ್ಲಿ ತನ್ನ ವಿಡಿಯೋ ಹಾಕಿದ. ಹುಡುಗರು 'ಮೂಳೆ ಸರ್' ಎಂದು ಕರೆಯುವ ಅವನೇ ಪರದೆಯ ಮೇಲೆ ಬಂದ, ನಕ್ಕ, ಮೂಳೆ ಎತ್ತಿದ. ಅವನ ವಾಚು ಬಲಗೈಯಲ್ಲಿತ್ತು. ಅಂಗಿಯ ಜೇಬು ಬಲಗಡೆಗಿತ್ತು. ಜಗತ್ತಿನ ಯಾವ ದರ್ಜಿಯೂ ಅವನ ಅಂಗಿಗೆ ಬಲಗಡೆ ಜೇಬು ಹೊಲಿದಿರಲಿಲ್ಲ.

ಕಾಲೇಜು ಮುಚ್ಚಿದ್ದ ಆ ತಿಂಗಳುಗಳಲ್ಲಿ ಮನೆಯ ಊಟದ ಮೇಜಿನ ಮುಂದೆ ಕೂತು ಮಾಡಿದ ವಿಡಿಯೋ. ಫೋನನ್ನು ಪುಸ್ತಕಗಳಿಗೆ ಒರಗಿಸಿ, ಹಿಂದಿನ ಕ್ಯಾಮೆರಾ ಬಿಟ್ಟು ಮುಂದಿನದನ್ನು ಇಟ್ಟುಕೊಂಡಿದ್ದ. ಮುಂದಿನದರಲ್ಲಾದರೆ ಕನ್ನಡಿಯಲ್ಲಿ ಕಂಡಂತೆ ತಾನು ಕಾಣುತ್ತೇನೆ. ಅಲ್ಲಿಯವರೆಗಿನ ಅಷ್ಟೂ ವರ್ಷ ಹುಡುಗರು ಅವನ ಕೈಯಲ್ಲಿರುವ ಮೂಳೆಯನ್ನೋ ಹೊರಗಿನ ಕಿಟಕಿಯನ್ನೋ ನೋಡಿದ್ದರು, ಅವನ ಮುಖ ನೋಡಿದವರಿಲ್ಲ. ಅವನೇ ನೋಡಿಕೊಂಡು ಪಾಠ ಮಾಡಿದ. ಚೆನ್ನಾಗಿಯೇ ಮಾಡಿದ. ಹನ್ನೆರಡು ಸಾವಿರ ಜನ ನೋಡಿದರು, ಯಾವ್ಯಾವುದೋ ಊರಿನ ಹುಡುಗರು 'ಮೂಳೆ ಸರ್ ಸೂಪರ್' ಎಂದು ಬರೆದರು, ಅವನು ಉಬ್ಬಿಹೋದ. ಮೊದಲ ದಿನವೇ ಹೆಂಡತಿ ಭುಜದ ಹಿಂದಿನಿಂದ ಬಗ್ಗಿ ನೋಡಿ, "ಅಲ್ಲಾ, ನಿಮ್ಮ ಬೈತಲೆ ಯಾಕೆ ಆ ಕಡೆ ಇದೆ?" ಎಂದಿದ್ದಳು. ಅವಳು ಶಾಲೆಯಲ್ಲಿ ಚಿತ್ರ ಕಲಿಸುವವಳು. "ಇನ್ನೆಲ್ಲಿರತ್ತೆ? ದಿನಾ ಕನ್ನಡೀಲಿ ನೋಡ್ಕೊಳ್ತೀನಿ, ಹೀಗೇ ಇರೋದು" ಎಂದಿದ್ದ. "ಕನ್ನಡೀಲಿ ನೋಡೋದು ನೀವು. ನಾನು ನಿಮ್ಮನ್ನ ಹಾಗೆ ನೋಡಿಲ್ಲ, ಇದು ಬೇರೆ ಯಾರೋ ಇದ್ದಂಗಿದೆ." "ಆಯ್ತು ಬಿಡು, ಗೋಡೆ ಮೇಲೆ ಹೂವು ಬರೆಯೋರಿಗೆ ಅನಾಟಮಿ ತಿಳಿಯಲ್ಲ." ಅವಳು ಮತ್ತೆ ಆ ಮಾತೆತ್ತಲಿಲ್ಲ. ಅವನ ಯಾವ ವಿಡಿಯೋವನ್ನೂ ಮತ್ತೆ ನೋಡಲೂ ಇಲ್ಲ. ಅದು ಅಸೂಯೆ ಎಂದುಕೊಂಡಿದ್ದ, ಥೂ.

ಕಪಾಟಿನ ಬೀಗ ತೆಗೆದು ಎರಡು ಕಾಲರ್ ಮೂಳೆ ತಂದ. ಎದೆಯ ಮೇಲ್ಭಾಗದಿಂದ ಹೆಗಲಿಗೆ ಅಡ್ಡವಾಗಿ ಹೋಗುವ, ಗೇಣುದ್ದಕ್ಕಿಂತ ಸ್ವಲ್ಪ ಚಿಕ್ಕದಾದ ಸೊಟ್ಟ ಮೂಳೆ. ಮೈಯಲ್ಲಿ ಎರಡಿರುತ್ತವೆ, ಬಲಗಡೆಯದೊಂದು ಎಡಗಡೆಯದೊಂದು. ಒಂದರ ಮುಂದೆ ಕನ್ನಡಿ ಹಿಡಿದರೆ ಇನ್ನೊಂದು ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಮೌಖಿಕ ಪರೀಕ್ಷೆಯಲ್ಲಿ ಮೂಳೆ ಕೈಗಿಟ್ಟು ಕೇಳುವ ಮೊದಲನೇ ಪ್ರಶ್ನೆ 'ಯಾವ ಕಡೆಯದು?' ಎಂದು. ಅದು ತಪ್ಪಿದರೆ ಎರಡನೇ ಪ್ರಶ್ನೆಯಿಲ್ಲ, ಎದ್ದು ಹೋಗಬೇಕು. ಅವನ ಗುರುಗಳು ಹಾಗೆ ಮಾಡುತ್ತಿದ್ದರು, ಅವನೂ ಹಾಗೇ. ಈಗ ಬಲದ ಮೂಳೆಯನ್ನು ಪರದೆಯ ಪಕ್ಕ ಹಿಡಿದ. ಪರದೆಯ ಮೇಲೆ ತಾನು 'ಇದು ಬಲಗಡೆಯದು, ಕಣ್ಣಲ್ಲಿ ತುಂಬಿಕೊಳ್ಳಿ' ಎನ್ನುತ್ತಿದ್ದ. ಹೊಂದಲಿಲ್ಲ. ಎಡದ ಮೂಳೆಯನ್ನು ಹಿಡಿದ. ಸೊಟ್ಟಕ್ಕೆ ಸೊಟ್ಟ, ಉಬ್ಬಿಗೆ ಉಬ್ಬು, ಕರಾರುವಾಕ್ಕಾಗಿ ಹೊಂದಿತು.

ಮೂರು ತಿಂಗಳ ಹಿಂದಿನ ಪರೀಕ್ಷೆಯಲ್ಲಿ ಮೂಳೆಯ ಮೇಜಿನಲ್ಲಿ ಹನ್ನೊಂದು ಜನ ಉದುರಿದ್ದರು. ಉಳಿದವರು ಹೇಗೆ ಪಾಸಾದರು? ಅದೂ ತಕ್ಷಣ ಹೊಳೆಯಿತು, ಹೊಳೆದದ್ದೇ ತಡ ತಲೆ ಚಚ್ಚಿಕೊಳ್ಳುವಂತಾಯಿತು. ದುಂಡು ತುದಿ ಎದೆಗೆ, ಚಪ್ಪಟೆ ತುದಿ ಹೆಗಲಿಗೆ, ಉಬ್ಬು ಮುಂದಕ್ಕೆ, ತೋಡು ಕೆಳಕ್ಕೆ ಎಂಬ ಅವನ ಮಾತುಗಳಲ್ಲಿ ತಪ್ಪಿರಲಿಲ್ಲ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ, ಪರದೆಯತ್ತ ನೋಡದೆ, ಮಾತನ್ನು ಗಟ್ಟಿಹೊಡೆದವರೆಲ್ಲ ಪಾರಾದರು. ನಿಲ್ಲಿಸಿ, ಹಿಂದಕ್ಕೆ ಹೋಗಿ, 'ಕಣ್ಣಲ್ಲಿ ತುಂಬಿಕೊಳ್ಳಿ' ಎಂದದ್ದಕ್ಕೆ ಕಣ್ಣಲ್ಲಿ ತುಂಬಿಕೊಂಡವರು ಮಾತ್ರ ಫೇಲಾದರು. ಐವತ್ತೊಂದನೇ ಫಾರಮ್ಮಿನ ಆ ಹುಡುಗಿ ಕಾಲೇಜು ತೆರೆದ ಮೊದಲ ವಾರದಲ್ಲೇ ಬಂದು ಈ ಪ್ಲೈವುಡ್ಡಿಗೆ ಒರಗಿ, "ಸರ್, ಎರಡು ದಿನಕ್ಕೆ ಮೂಳೆ ಕೊಡ್ತೀರಾ? ಕೈಯಲ್ಲಿ ಹಿಡಿದು ನೋಡ್ಬೇಕಿತ್ತು" ಎಂದು ಕೇಳಿದ್ದಳು. ಕೊಟ್ಟರೆ ಕಳೆದುಹೋಗುತ್ತದೆ, ರಿಜಿಸ್ಟರಿಗೆ ಉತ್ತರ ಹೇಳುವವರು ಯಾರು? "ವಿಡಿಯೋ ನೋಡಮ್ಮ, ಅದ್ರಲ್ಲಿ ಎಲ್ಲಾ ಇದೆ" ಎಂದು ಕಳಿಸಿದ್ದ. ಅವಳು ನೋಡಿದಳು. ಅಕ್ಕನ ಫೋನಿನಲ್ಲಿ ನೋಡಿ ನೋಡಿ ಇಡೀ ಪುಸ್ತಕದ ತುಂಬ ಆ ಮೂಳೆಯ ಚಿತ್ರ ಬರೆದಿದ್ದಳಂತೆ. ಪರೀಕ್ಷೆಯ ದಿನ ಅದೇ ಮೂಳೆ ಅವಳ ಕೈಗೆ ಬಂತು, ಬಲದ್ದು. ಅವಳು ಅದನ್ನು ತನ್ನ ಹೆಗಲಿಗೆ ಇಟ್ಟುಕೊಂಡಳು, ತೆಗೆದಳು, ಮತ್ತೆ ಇಟ್ಟುಕೊಂಡಳು, ಆಮೇಲೆ "ಎಡ ಸರ್" ಎಂದಳು. "ಬರೆಯೋದು ಯಾವ ಕೈಯಲ್ಲಮ್ಮ?" ಎಂದು ಅವನು ಕೇಳಿದ. "ಎಡಗೈ ಸರ್." "ಅದಕ್ಕೇ! ಎಡ ಬಲ ತಿಳಿಯದೋರೆಲ್ಲ ನಾಳೆ ಚಾಕು ಹಿಡಿದು ನಿಂತ್ಕೋತಾರೆ. ಹೋಗಮ್ಮ ಎಡಬಲ, ಮನೇಗ್ ಹೋಗು." ಬಾಗಿಲ ಬಳಿ ಕಾಯುತ್ತಿದ್ದವರು ಗೊಳ್ಳೆಂದರು. ಹೆಸರು ಅಂಟಿಕೊಂಡಿತು. ಈಗ ಇಡೀ ಕಾಲೇಜು ಅವಳನ್ನು ಎಡಬಲ ಎಂದೇ ಕರೆಯುತ್ತದೆ. ಇವತ್ತು ಮತ್ತೆ ತಪ್ಪಿದರೆ ಅವಳು ತನ್ನ ತರಗತಿಯವರನ್ನು ಬಿಟ್ಟು ಕೆಳಗಿನವರ ಜೊತೆ ಇನ್ನೊಂದು ವರ್ಷ ಕೂರಬೇಕು, ಅಲ್ಲಿಗೂ ಆ ಹೆಸರು ಅವಳಿಗಿಂತ ಮುಂಚೆ ಹೋಗಿ ಕೂತಿರುತ್ತದೆ.

ಫಾರಂ ಹಿಡಿದುಕೊಂಡು ಮುಖ್ಯಸ್ಥೆಯ ಕೋಣೆಗೆ ಹೋದ. ಅವರು ಸ್ಲೈಡುಗಳಿಗೆ ಬಣ್ಣ ಆರಿಸುತ್ತಿದ್ದರು. ಆನ್‌ಲೈನಿಗೆ ನೀಲಿ, ಮುಖಾಮುಖಿಗೆ ಬೂದು. ಓದಿ ನೋಡಿ ಕನ್ನಡಕ ತೆಗೆದರು. "ಹದಿನಾಲ್ಕನ್ನ ಬಿಡಿ ಅಂದಿದ್ದೆ ತಾನೆ ನಾನು?"

"ವಿಡಿಯೋ ಪೂರ್ತಿ ತಿರುಗಾಮುರುಗಾ ಆಗಿದೆ ಮೇಡಂ. ಬಲ ಅಂದಿದ್ದೆಲ್ಲ ಎಡ ಕಾಣತ್ತೆ."

"ಸರಿ, ತಿರುಗಿಸಿ ಮತ್ತೆ ಹಾಕಿ. ಐದು ನಿಮಿಷದ ಕೆಲಸ. ಅದಕ್ಕೆ ಡಂಗುರ ಹೊಡೀಬೇಕಾ?"

"ಹನ್ನೊಂದು ಜನ ಫೇಲಾಗಿದಾರೆ."

"ಇವತ್ತು ಪಾಸ್ ಮಾಡಿ. ಬೇಡ ಅಂದೋರ್ಯಾರು?" ಅವರ ದನಿ ಇಳಿಯಿತು, ಅದು ಇನ್ನೂ ಕೆಟ್ಟದ್ದಾಗಿತ್ತು. "ನೋಡ್ರಿ, ನಿಮ್ಮ ಪ್ರಮೋಷನ್ ಫೈಲಲ್ಲಿ ಹೇಳ್ಕೊಳ್ಳೋಕೆ ಅಂತ ಇರೋದು ಅದೊಂದೇ ವಿಡಿಯೋ. ಹತ್ತೊಂಬತ್ತು ವರ್ಷ ಆಯ್ತು. ಅದನ್ನೂ ನೀವೇ ಹರಿದು ಹಾಕ್ತೀನಿ ಅಂದ್ರೆ ನಿಮ್ಮಿಷ್ಟ."

"ಸರಿ ಮೇಡಂ" ಎಂದ. ಹೊರಗೆ ಬಂದ ಮೇಲೆ ಆ ಎರಡು ಮಾತು ಎಷ್ಟು ಸಲೀಸಾಗಿ ಬಾಯಿಂದ ಬಿತ್ತಲ್ಲ ಎಂದು ಗೊಣಗಿಕೊಂಡ. ಬಚ್ಚಲಿನ ಕನ್ನಡಿಯ ಮುಂದೆ ನಿಂತು ಮುಖಕ್ಕೆ ನೀರು ಹಾಕಿಕೊಂಡ. ಕನ್ನಡಿಯಲ್ಲಿ ಮೂಳೆ ಸರ್ ನಿಂತಿದ್ದ, ಬೈತಲೆ ಆ ಕಡೆ, ವಾಚು ಆ ಕಡೆ. ಪರೀಕ್ಷೆಗೆ ಬಂದಾಗ ಆ ಹುಡುಗಿ ಮೊದಲು ವಾಚನ್ನೇ ನೋಡುತ್ತಾಳೆ ಎನ್ನಿಸಿತು. ಬಿಚ್ಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಕಳ್ಳನೂ ಇಷ್ಟು ನಾಚಿಕೆಗೆಟ್ಟು ಬಚ್ಚಿಡುವುದಿಲ್ಲ ಎಂದು ತನಗೆ ತಾನೇ ಬೈದುಕೊಂಡು, ಬಿಚ್ಚಿದ್ದನ್ನು ಮತ್ತೆ ಕಟ್ಟಿಕೊಳ್ಳದೆ ಹೋದ.

ಹೊರಗಿನ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು, ನಗುಮುಖದವರು, ಐದರ ರೈಲಿಗೆ ಹೋಗಬೇಕಿದ್ದವರು. ಹಾಲಿನ ಮೂಲೆಯಲ್ಲಿ ಹಸಿರು ಬಟ್ಟೆ ಹಾಸಿದ ಮೇಜು, ಅದರ ಮೇಲೆ ಮೂಳೆಗಳ ರಾಶಿ, ಮೇಜಿನ ಈ ಕಡೆ ಇವರಿಬ್ಬರ ಕುರ್ಚಿ. "ಓ, ಮೂಳೆ ಸರ್ ಅಂದ್ರೆ ನೀವೇನಾ!" ಎಂದು ಅವರು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. "ನಿಮ್ಮ ವಿಡಿಯೋನೇ ಕಣ್ರಿ ನಮ್ಮ ಹುಡುಗ್ರಿಗೂ ಹಾಕೋದು. ನನಗೂ ಈಗ ನಿಂತು ಪಾಠ ಮಾಡೋಕಾಗಲ್ಲ, ಮಂಡಿ ನೋವು. ನೀವು ಬಂದು ಉಳಿಸಿಬಿಟ್ರಿ." ಅವನು ಹಲ್ಲು ಕಿರಿದ. ಹೇಳುವುದಾದರೆ ಈಗಲೇ ಹೇಳಬೇಕು ಎನ್ನಿಸಿತು, ಅಷ್ಟರಲ್ಲಿ ಅಟೆಂಡರು ಚಹಾ ತಂದಿಟ್ಟ, ಮೊದಲನೇ ನಂಬರು ಕೂಗಿದ. ಮೊದಲ ಐದು ಜನ ಹೇಗೋ ದಾಟಿದರು. ಎರಡು ಸಲ ಅವನೇ, ಪರೀಕ್ಷಕರು ಚಹಾ ಕುಡಿಯುತ್ತಿದ್ದಾಗ, 'ಇನ್ನೊಂದ್ ಸಲ ಯೋಚ್ನೆ ಮಾಡು' ಎಂದು ಕಣ್ಣಲ್ಲಿ ಸನ್ನೆ ಮಾಡಿದ. ಜೇಬಿನಲ್ಲಿ ವಾಚು ತೊಡೆಗೆ ಒತ್ತುತ್ತಿತ್ತು.

"ನಂಬರ್ ಮೂವತ್ತೆಂಟು."

ಅವಳು ಬಂದು ನಿಂತಳು. ಬಾಗಿಲ ಬಳಿ ಯಾರೋ "ಎಡಬಲ" ಎಂದು ಪಿಸುಗುಟ್ಟಿದ್ದು ಅವನಿಗೂ ಕೇಳಿಸಿತು. ಅವಳ ಬಿಳಿ ಕೋಟಿನ ತೋಳು ತೊಳೆದು ತೊಳೆದು ಅಂಚು ಎದ್ದಿತ್ತು. ಅವಳಿಗೆ ಪಕ್ಕೆಲುಬು ಕೊಡೋಣ, ಇಲ್ಲ ತಲೆಬುರುಡೆ ಕೊಡೋಣ, ತಲೆಬುರುಡೆಗೆ ಎಡ ಬಲದ ರಗಳೆಯಿಲ್ಲ ಎಂದು ಅವನು ಕೈ ಚಾಚುವುದರೊಳಗೆ ಪರೀಕ್ಷಕರು ರಾಶಿಯಲ್ಲಿ ಕೈಯಾಡಿಸಿ ಕಾಲರ್ ಮೂಳೆಯನ್ನೇ ಎತ್ತಿ ಅವಳ ಅಂಗೈಯಲ್ಲಿಟ್ಟರು.

"ಯಾವ ಕಡೆಯದಮ್ಮ?"

ಅವಳು ಮೂಳೆಯನ್ನು ನೋಡಲಿಲ್ಲ. ಅವನ ಎಡ ಮುಂಗೈ ನೋಡಿದಳು. ಅಲ್ಲಿ ವಾಚಿರಲಿಲ್ಲ, ಬಿಸಿಲು ಕಾಣದ ಚರ್ಮದ ಬಿಳಿ ಪಟ್ಟೆಯಿತ್ತು. ಬಲ ಮುಂಗೈ ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ಸರ್, ಯಾವುದರ ಪ್ರಕಾರ ಹೇಳ್ಲಿ?"

ಪರೀಕ್ಷಕರು ನಕ್ಕರು. "ಯಾವುದರ ಪ್ರಕಾರ ಅಂದ್ರೆ? ಒಂದು ಮೂಳೆಗೆ ಎಷ್ಟು ಪ್ರಕಾರ ಇರತ್ತಮ್ಮ?"

ಅವನು ಮೂಳೆಯತ್ತ ಬೆರಳು ತೋರಿಸಿದ. "ಮೂಳೆ ಪ್ರಕಾರ ಹೇಳಮ್ಮ" ಎಂದ. ಅಷ್ಟೇ. ಅಷ್ಟರಲ್ಲೇ ಎಲ್ಲ ಮುಗಿಸಿಬಿಡಬಹುದಿತ್ತು. ಅವಳು ತಲೆಯಾಡಿಸಿ ಮೂಳೆಯನ್ನು ಹೆಗಲಿಗಿಟ್ಟುಕೊಂಡಳು, ದುಂಡು ತುದಿ ಎದೆಗೆ, ಚಪ್ಪಟೆ ತುದಿ ಹೆಗಲಿಗೆ. "ಬಲ ಸರ್."

"ಭೇಷ್. ಹಾಗಾದ್ರೆ ಏನದು ಪ್ರಕಾರ ಗಿಕಾರ?"

"ಏನಿಲ್ಲ ಸರ್" ಎಂದಳು ಅವಳು. "ಬಾಯಿ ತಪ್ಪಿ ಬಂತು."

ಅವಳು ತನ್ನನ್ನು ಉಳಿಸುತ್ತಿದ್ದಾಳೆ ಎಂದು ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ದೂರು ಕೊಟ್ಟಿದ್ದರೂ ತಡೆದುಕೊಳ್ಳುತ್ತಿದ್ದ. ಪರೀಕ್ಷಕರು ಅಂಕ ಬರೆಯಲು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು, ಅವಳು ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಮೆಲ್ಲಗೆ ಇಡುತ್ತಿದ್ದಳು, ಎಲ್ಲ ಸರಿಹೋಗಿತ್ತು, ಮುಖ್ಯಸ್ಥೆ ಹೇಳಿದ ಹಾಗೇ. ಸರಿಹೋದದ್ದನ್ನು ನೋಡಿ ಅವನಿಗೆ ಮೈಯೆಲ್ಲ ಉರಿಯಿತು.

"ಬಾಯಿ ತಪ್ಪಿ ಬಂದಿದ್ದಲ್ಲ ಸರ್" ಎಂದ. ದನಿ ತನ್ನದಲ್ಲವೆನ್ನಿಸುವಷ್ಟು ಜೋರಾಗಿತ್ತು, ಬಾಗಿಲ ಬಳಿ ಇದ್ದವರು ತಿರುಗಿ ನೋಡಿದರು. "ನನ್ನ ವಿಡಿಯೋ ಕನ್ನಡಿ ಥರ ರೆಕಾರ್ಡಾಗಿದೆ. ಬಲದ ಮೂಳೆ ಹಿಡಿದು ಬಲ ಅಂದಿದೀನಿ, ಪರದೇಲಿ ಕಾಣೋದು ಎಡದ್ದು. ಹೋದ ಸಲ ಇವಳು ಅದನ್ನ ನೋಡೇ ಹೇಳಿದ್ದು. ನಾನು ಫೇಲ್ ಮಾಡ್ದೆ, ಎಲ್ಲರ ಮುಂದೆ ಗೇಲೀನೂ ಮಾಡ್ದೆ. ಇವಳೊಬ್ಬಳೇ ಅಲ್ಲ, ಹನ್ನೊಂದು ಜನ. ತಪ್ಪು ನನ್ನದು."

ಪರೀಕ್ಷಕರ ನಗು ಒಂದೇ ಸಲ ಹೋಗಲಿಲ್ಲ, ತುಟಿಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಉಳಿದಿತ್ತು. "ನಮ್ಮ ಹುಡುಗ್ರು ನೂರೈವತ್ತು ಜನ ಕಣ್ರಿ" ಎಂದರು ಕೊನೆಗೆ. "ನಾನೂ ಒಂದು ಸಲ ನೆಟ್ಟಗೆ ನೋಡ್ಲಿಲ್ವಲ್ಲ. ಹಾಕ್ಬಿಟ್ಟು ಹೋಗಿ ಕೂತ್ಕೋತಿದ್ದೆ." ಪೆನ್ನನ್ನು ಕೆಳಗಿಟ್ಟರು. "ಇದನ್ನ ಬರೆದು ಕಳಿಸ್ಬೇಕಾಗತ್ತೆ. ನಿಮ್ಮ ಮೇಡಂಗೂ ಹೇಳ್ಬೇಕಾಗತ್ತೆ, ಗೊತ್ತಲ್ಲ?"

"ಗೊತ್ತು ಸರ್."

ಅವರು ಅವಳ ಕಡೆ ತಿರುಗಿದರು. "ಹೋದ ಸಲ ಮೂಳೆ ಕೈಯಲ್ಲೇ ಇತ್ತಲ್ಲಮ್ಮ. ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಿತ್ತು ಸರ್. ಹೆಗಲಿಗಿಟ್ಟು ನೋಡ್ದಾಗ ಬಲ ಅಂತಾನೇ ಅನ್ನಿಸ್ತು. ಎರಡು ಸಲ ಇಟ್ಟು ನೋಡ್ದೆ."

"ಮತ್ತೆ ಎಡ ಅಂತ ಯಾಕೆ ಹೇಳ್ದೆ?"

ಅವಳು ಅವನತ್ತ ನೋಡಲಿಲ್ಲ. "ಸರ್ ಹಾಗೆ ಹೇಳಿದ್ರಲ್ಲ ಸರ್, ವಿಡಿಯೋದಲ್ಲಿ. ನನ್ನ ಹೆಗಲೇ ತಪ್ಪಿರ್ಬೇಕು ಅಂದ್ಕೊಂಡೆ."

ಪರೀಕ್ಷಕರು ಅಂಕ ಬರೆದು, "ಹೋಗಮ್ಮ, ಪಾಸಾಗಿದೀಯ" ಎಂದರು. ಅವನಿಗೆ ಕೈಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಏನಾದರೊಂದು ಮಾಡಬೇಕಿತ್ತು. ಜೇಬಿನಿಂದ ವಾಚು ತೆಗೆದು, ತಲೆ ಬಗ್ಗಿಸಿಕೊಂಡು ಕಟ್ಟತೊಡಗಿದ. ಕೊಂಡಿ ಎರಡು ಸಲ ಜಾರಿತು, ಮೂರನೇ ಸಲ ಕೂತಿತು.

ಅವಳು ಬಾಗಿಲವರೆಗೆ ಹೋದವಳು ನಿಂತಳು. "ಸರ್" ಎಂದಳು.

ಅವನು ತಲೆ ಎತ್ತಿದ.

"ವಾಚು ಬಲಗೈಗೆ ಕಟ್ಕೊಂಡಿದೀರಿ."

ಅವನು ನೋಡಿಕೊಂಡ. ಹೌದು, ಬಲಗೈಗೇ ಕಟ್ಟಿದ್ದ.